ಸಕಲೇಶಪುರದ ಕಡೆ, ಅರಸೀಕೆರೆ ಕಡೆ: ಖಿನ್ನತೆ-ಆತಂಕದ ಪ್ರಮಾಣಕ್ಕೆ ಊರೇ ಕಾರಣ ಅಂತ ಹೇಳೋದು ಹೇಗೆ?

ಹೇಮಾವತಿ_ದಂಡೆ ಕೇಳಿದ್ದು:

ಹಾಸನ ಜಿಲ್ಲೆಯಲ್ಲಿ ಒಂದು ಸಮೀಕ್ಷೆಗೆ ತಯಾರಿ ನಡೀತಿದೆ. ಒಂದು ಕಡೆ ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕಿನ ಕಾಫಿ ಸೀಮೆ. ಇನ್ನೊಂದು ಕಡೆ ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು-ರಾಗಿ ಸೀಮೆ. 18 ದಾಟಿದವರಲ್ಲಿ ಖಿನ್ನತೆ, ಆತಂಕ ಎಷ್ಟಿದೆ ಅಂತ ನೋಡಬೇಕು. ಜೊತೆಗೆ ಬಡತನ, ಸಾಲ, ಮದ್ಯದಂಗಡಿ, ಬಸ್ಸು, ಕಷ್ಟಕ್ಕೆ ಅಕ್ಕಪಕ್ಕದವರು ಆಗ್ತಾರಾ ಇಲ್ಲವಾ, ಇಂಥ ಊರಿನ ಲಕ್ಷಣಗಳಿಗೂ ಆ ಪ್ರಮಾಣಕ್ಕೂ ಏನು ಸಂಬಂಧ ಅಂತಲೂ ತಿಳೀಬೇಕು.

ಸದ್ಯದ ಯೋಜನೆ: ಮತದಾರರ ಪಟ್ಟಿ ಹಿಡಿದು 40 ಊರು, ಊರಿಗೆ 20 ಜನ, ಒಟ್ಟು 800. ಪಿಎಚ್‌ಕ್ಯೂ-9 (ಖಿನ್ನತೆಗೆ ಒಂಬತ್ತು ಪ್ರಶ್ನೆ) ಮತ್ತು ಜಿಎಡಿ-7 (ಆತಂಕಕ್ಕೆ ಏಳು ಪ್ರಶ್ನೆ), ಎರಡೂ ಪ್ರಶ್ನಾವಳಿ ಕನ್ನಡದಲ್ಲಿ. ಪ್ರಶ್ನೆ ಕೇಳೋರು ಆಯಾ ಊರಿನ ಆಶಾ ಕಾರ್ಯಕರ್ತೆಯರು. ಡಿಸೆಂಬರ್‌ನಲ್ಲಿ ಶುರು.

ಮಲೆನಾಡಿನ ಕಡೆ ಹೆಚ್ಚು ಬಂತು ಅಂತಿಟ್ಕೊಳ್ಳಿ. ಅದು ಊರಿನ ಪ್ರಭಾವವಾ, ಇಲ್ಲಾ ಅಲ್ಲಿರೋ ಜನವೇ ಬೇರೆ ಥರದವರಾ? ಬಿಡಿಸಿ ನೋಡೋದು ಹೇಗೆ? ಊರಿನ ಲಕ್ಷಣ ಅಂತ ಏನೇನು ಬರ್ಕೋಬೇಕು? ಯೋಜನೆಯಲ್ಲಿ ತಪ್ಪಿದ್ದರೆ ಈಗಲೇ ಬೈದುಬಿಡಿ.

ದಶಮಾಂಶ_ಬಿಂದು ಉತ್ತರ:

ಮೊದಲು ಲೆಕ್ಕ. ಒಂದೇ ಊರಿನ 20 ಜನ 20 ಬೇರೆ ಬೇರೆ ಸುದ್ದಿ ಹೇಳಲ್ಲ. ಅದೇ ಬೆಳೆ, ಅದೇ ಸಾಲ, ಅದೇ ರಸ್ತೆ, ಹಾಗಾಗಿ ಉತ್ತರಗಳೂ ಸ್ವಲ್ಪ ಒಂದೇ ಕಡೆ ವಾಲುತ್ತವೆ. ಎಷ್ಟು ವಾಲುತ್ತವೆ ಅನ್ನೋದಕ್ಕೆ ಒಂದು ಸಂಖ್ಯೆ ಇದೆ, ಗುಂಪಿನೊಳಗಿನ ಹೋಲಿಕೆ ಅಂತ. ಅದನ್ನು 0.05 ಅಂತ ಹಿಡಿದರೆ ಮಾದರಿಗೆ ಬೀಳೋ ದಂಡ 1 + (20 − 1) × 0.05, ಅಂದರೆ 1.95. ಅದರಿಂದ ಭಾಗಿಸಿದರೆ ನಿಮ್ಮ 800 ಜನ ಸುಮಾರು 410 ಜನರಷ್ಟೇ ತೂಗ್ತಾರೆ, ಒಂದೊಂದು ಸೀಮೆಗೆ 205. ಒಂದು ಕಡೆ 10%, ಇನ್ನೊಂದು ಕಡೆ 20% ಇದ್ದರೆ ಇದರಲ್ಲಿ ಕಾಣುತ್ತೆ. 10%ಗೂ 15%ಗೂ ಇರೋ ವ್ಯತ್ಯಾಸ ಕಾಣಬೇಕಂದ್ರೆ ಪ್ರತಿ ಕಡೆ 680 ಜನರ ತೂಕ ಬೇಕು, ನಿಮ್ಮ ವಿನ್ಯಾಸದಲ್ಲಿ ಅದು ಪ್ರತಿ ಕಡೆ 1,300ಕ್ಕೂ ಮೇಲೆ.

ದುಡ್ಡು ಅಷ್ಟೇ ಇದ್ದರೆ ಜನ ಹೆಚ್ಚಿಸಬೇಡಿ, ಊರು ಹೆಚ್ಚಿಸಿ. 80 ಊರು, ಊರಿಗೆ 10 ಜನ ಮಾಡಿದರೆ ದಂಡ 1.45ಕ್ಕೆ ಇಳಿಯುತ್ತೆ, ಅದೇ 800 ಜನ 550ರಷ್ಟು ತೂಗ್ತಾರೆ. ಜೀಪಿನ ಖರ್ಚು ಏರುತ್ತೆ, ನಿಜ. ಆದರೆ ನಿಮ್ಮ ಪ್ರಶ್ನೆ ಇರೋದೇ ಊರಿನ ಬಗ್ಗೆ. 40 ಊರಿಟ್ಟುಕೊಂಡು ಹತ್ತು ಲಕ್ಷಣ ಪರೀಕ್ಷೆ ಮಾಡಿದರೆ ಯಾವುದಾದರೂ ಒಂದು ಆಕಸ್ಮಿಕವಾಗಿ ಹೊಂದಿಕೊಳ್ಳುತ್ತೆ. ಅದೇ ಆಮೇಲೆ ವರದಿಯ ತಲೆಬರಹ ಆಗುತ್ತೆ.

ಎರಡನೇದು, ಊರು ಅಂದರೆ ಯಾವುದು? ಅರಸೀಕೆರೆ ಕಡೆ ಕಷ್ಟ ಇಲ್ಲ. ಮನೆಗಳು ಒತ್ತಾಗಿವೆ, ಅರಳಿಕಟ್ಟೆ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ ಎಲ್ಲ ಕೂಗಳತೆಯಲ್ಲಿ. ಸಕಲೇಶಪುರದ ಕಡೆ ಕಂದಾಯ ಗ್ರಾಮ ಅನ್ನೋದು ಬರೀ ಕಾಗದದ ಗೆರೆ. ಒಂದೇ ಗ್ರಾಮದ ಹೆಸರಲ್ಲಿ ಎರಡು ಎಸ್ಟೇಟು, ಅವುಗಳ ಲೈನ್ ಮನೆ (ಕೂಲಿಯವರ ಸಾಲು ಮನೆ), ಗುಡ್ಡದಾಚೆ ನಾಲ್ಕು ಒಂಟಿ ಮನೆ, ಕೆಳಗೆ ಒಂದು ಕಾಲೋನಿ ಇರುತ್ತೆ. ಲೈನ್ ಮನೆಯವರಿಗೂ ಒಂಟಿ ಮನೆ ಯಜಮಾನರಿಗೂ ಹಂಚಿಕೊಳ್ಳೋಕೆ ಅಂತ ಇರೋದು ಮಳೆ ಒಂದೇ. ಇವರನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಯಾರದೂ ಅಲ್ಲದ ಊರು ಸಿಗುತ್ತೆ. ಹಾಗಾಗಿ ಮಲೆನಾಡಲ್ಲಿ ವಾಸದ ಗುಂಪನ್ನೇ ಘಟಕ ಮಾಡಿ: ಒಂದು ಲೈನ್, ಒಂದು ಕಾಲೋನಿ, ಒಂದು ಬಸ್ ಸ್ಟಾಪಿಗೆ ಇಳಿದು ಬರೋ ಒಂಟಿ ಮನೆಗಳು. ಮಲೆನಾಡಾ ಬಯಲುಸೀಮೆಯಾ ಅನ್ನೋದಕ್ಕಿಂತ ಈ ಗುಂಪುಗಳ ನಡುವಿನ ವ್ಯತ್ಯಾಸವೇ ದೊಡ್ಡದಿರೋ ಸಾಧ್ಯತೆ ಹೆಚ್ಚು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದು ಕಲ್ಪಿತ ಉದಾಹರಣೆ ತಗೊಳ್ಳಿ. 60ರ ಒಳಗಿನವರಲ್ಲಿ 8%, 60 ದಾಟಿದವರಲ್ಲಿ 16%, ಎರಡೂ ಊರಲ್ಲಿ ಒಂದೇ. ಮೊದಲನೇ ಊರಲ್ಲಿ 1,000ಕ್ಕೆ 200 ಜನ ವಯಸ್ಸಾದವರು: 64 + 32, ಅಂದರೆ 9.6%. ಎರಡನೇ ಊರಿನ ಹುಡುಗರೆಲ್ಲ ಬೆಂಗಳೂರು ಸೇರಿ, ಉಳಿದವರಲ್ಲಿ 400 ಜನ ವಯಸ್ಸಾದವರು: 48 + 64, ಅಂದರೆ 11.2%. ಊರು ಯಾರಿಗೂ ಏನೂ ಮಾಡಿಲ್ಲ, ಆದರೂ ಪ್ರಮಾಣ ಏರಿತು. ವಯಸ್ಸು, ಲಿಂಗ, ಜಮೀನು, ಸಾಲ, ಒಂಟಿತನ, ದೀರ್ಘ ಕಾಯಿಲೆ ಇವನ್ನೆಲ್ಲ ವ್ಯಕ್ತಿ ಮಟ್ಟದಲ್ಲಿ ಬರೆದುಕೊಂಡು, ವ್ಯಕ್ತಿ-ಊರು ಎರಡು ಹಂತದ ಮಾದರಿಯಲ್ಲಿ ಲೆಕ್ಕ ಹಾಕಬೇಕು. ಬೇರೆ ದೇಶಗಳಲ್ಲಿ ಹೀಗೆ ಮಾಡಿದಾಗ, ವ್ಯಕ್ತಿ ಮಟ್ಟದ ಸಂಗತಿಗಳನ್ನು ಕಳೆದ ಮೇಲೆ ಒಟ್ಟು ವ್ಯತ್ಯಾಸದಲ್ಲಿ ಜಾಗದ ಪಾಲು ಅಂತ ಉಳಿಯೋದು ಸಾಮಾನ್ಯವಾಗಿ ಕೆಲವೇ ಶೇಕಡಾ. ಸಣ್ಣದು ಅಂತ ಬಿಡಬೇಡಿ, ಪಂಚಾಯ್ತಿ ಕೈಹಾಕಬಹುದಾದ ಭಾಗ ಬಹಳಷ್ಟು ಅಲ್ಲೇ ಇರೋದು.

ಹಾಗಂತ ಎಲ್ಲವನ್ನೂ ಕಳೆಯೋಕೂ ಹೋಗಬೇಡಿ. ಬಸ್ಸಿಲ್ಲದೆ ಕೂಲಿ ತಪ್ಪಿ ಸಾಲವಾಗಿದ್ದರೆ, ಸಾಲವನ್ನು ಲೆಕ್ಕದಿಂದ ಕಳೆದಾಗ ಬಸ್ಸಿನ ಪ್ರಭಾವವೂ ಅದರ ಜೊತೆ ಹೋಗುತ್ತೆ. ಕಳೆಯೋ ಮುಂಚೆ ಒಮ್ಮೆ, ಕಳೆದ ಮೇಲೆ ಒಮ್ಮೆ, ಎರಡೂ ಕೋಷ್ಟಕ ಕೊಡಿ.

ಊರಿನ ಲಕ್ಷಣ ಬರ್ಕೊಳ್ಳೋಕೆ ಒಂದೇ ಕಟ್ಟುನಿಟ್ಟಿನ ನಿಯಮ: ಅದೇ ಜನರನ್ನು ಕೇಳಬೇಡಿ. ಮನಸ್ಸು ಕುಗ್ಗಿರೋರಿಗೆ ಊರೂ ಕೆಟ್ಟದಾಗೇ ಕಾಣುತ್ತೆ. ಅವರನ್ನೇ ಎರಡೂ ಕೇಳಿದರೆ ಸಂಬಂಧ ಇಲ್ಲದ ಕಡೆಯೂ ಸಂಬಂಧ ಹುಟ್ಟುತ್ತೆ. ದಿನಕ್ಕೆ ಎಷ್ಟು ಬಸ್, ಕೊನೇ ಬಸ್ ಎಷ್ಟು ಗಂಟೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ಕಿಲೋಮೀಟರು, ಮದ್ಯದಂಗಡಿಗೆ ಎಷ್ಟು, ಮೊಬೈಲ್ ಸಿಗ್ನಲ್ ಎಲ್ಲಿ ನಿಲ್ಲುತ್ತೆ, ಇವನ್ನು ನೀವೇ ಓಡಾಡಿ ಬರ್ಕೊಳ್ಳಿ. ಆನೆ ಹಾವಳಿಗೆ ಅರಣ್ಯ ಇಲಾಖೆಯ ಬೆಳೆ ಪರಿಹಾರದ ಅರ್ಜಿಗಳು, ಉದ್ಯೋಗ ಖಾತ್ರಿ ಕೆಲಸದ ದಿನಗಳು, ಸ್ತ್ರೀಶಕ್ತಿ ಸಂಘಗಳ ಸಂಖ್ಯೆ ಇವೆಲ್ಲ ದಾಖಲೆಯಿಂದ ಸಿಗುತ್ತವೆ. ಜನರ ಒಗ್ಗಟ್ಟು ಕೇಳಲೇಬೇಕು ಅಂದರೆ, ಊರಿಗೆ 10 ಜನ ಬೇರೆಯವರನ್ನು ಕೇಳಿ ಸರಾಸರಿ ತಗೊಳ್ಳಿ.

ರೋಬಸ್ಟಾ_ಬೇಲಿ ಉತ್ತರ:

ಇಷ್ಟೆಲ್ಲ ಯಾಕೆ ಸರ್? ಕಾಫಿಗೆ ರೇಟ್ ಇದ್ದಾಗ ಜನ ನೆಮ್ಮದಿ, ಬಿದ್ದಾಗ ಚಿಂತೆ. ಬಯಲಿನ ಕಡೆ ಕೊಬ್ಬರಿ ರೇಟು, ಆಲೂಗಡ್ಡೆಗೆ ಅಂಗಮಾರಿ. ಪೊಲೀಸ್ ಠಾಣೆಯಿಂದ ಆತ್ಮಹತ್ಯೆ ಅಂಕಿ ತಗೊಂಡು ಬೆಲೆ ಪಟ್ಟಿ ಪಕ್ಕದಲ್ಲಿಟ್ಟು ನೋಡಿದರೆ ಆಯ್ತಲ್ಲ. 800 ಜನರ ಮನೆ ಬಾಗಿಲು ತಟ್ಟೋದು ತಪ್ಪುತ್ತೆ.

ಮಂಗಳವಾರದ_ಓಪಿಡಿ ಉತ್ತರ:

ರೋಬಸ್ಟಾ ಅವರೇ, ಬೆಲೆ ವಿಷಯ ಸರಿ, ಆದರೆ ಬೆಲೆ ಎಲ್ಲರಿಗೂ ಒಂದೇ ಥರ ತಟ್ಟಲ್ಲ. ರೇಟ್ ಏರಿದಾಗ ಮಾಲೀಕರಿಗೆ ಹಿಗ್ಗು, ಲೈನಿನಲ್ಲಿರೋರಿಗೆ ಕೂಲಿ ಅದೇ. ಅನಿಶ್ಚಿತ ಆದಾಯ, ಹಿಂಸೆ, ದೇಹದ ಕಾಯಿಲೆ, ಮುಂದೆ ಏನೂ ಆಗಲ್ಲ ಅನ್ನೋ ಭಾವನೆ ಇವು ಬಡತನದ ಒಳಗೆ ಸೇರಿಕೊಂಡು ಕೆಲಸ ಮಾಡ್ತವೆ. ಬರೀ ರೂಪಾಯಿ ಲೆಕ್ಕದಲ್ಲಿ ಅದು ಸಿಗಲ್ಲ. ವಾರದ ಕಂತು ಕಟ್ಟೋ ಮೈಕ್ರೋಫೈನಾನ್ಸ್ ಸಾಲಕ್ಕೂ ಸೊಸೈಟಿ ಬೆಳೆ ಸಾಲಕ್ಕೂ ಮೊತ್ತ ಒಂದೇ ಇರಬಹುದು. ಕಂತಿನ ದಿನ ಹತ್ತು ಮನೆಯವರ ಎದುರು ಕೂರಬೇಕಾದ ಅವಮಾನ ಮಾತ್ರ ಒಂದೇ ಅಲ್ಲ. ಹೇಮಾವತಿಯವರೇ, ಪ್ರಶ್ನಾವಳಿಯಲ್ಲಿ ಸಾಲ ಎಷ್ಟು ಅನ್ನೋದರ ಜೊತೆ ಯಾರಿಗೆ, ಎಷ್ಟು ದಿನಕ್ಕೊಮ್ಮೆ ಕಂತು ಅಂತಲೂ ಇರಲಿ.

ಆತ್ಮಹತ್ಯೆ ಅಂಕಿಯನ್ನು ಖಿನ್ನತೆಯ ಅಳತೆ ಅಂತ ಮಾತ್ರ ಬಳಸಬೇಡಿ. ಶ್ರೀಲಂಕಾದಲ್ಲಿ 1995ರಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು, 1998ರಲ್ಲಿ ಎಂಡೋಸಲ್ಫಾನ್ ಅನ್ನು ನಿಲ್ಲಿಸಿದ ಮೇಲೆ ಮುಂದಿನ ಹತ್ತು ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಜನರ ಸಂಕಟ ಅರ್ಧಕ್ಕಿಳಿದಿತ್ತು ಅಂತ ಅರ್ಥ ಅಲ್ಲ. ಕೈಗೆ ಸಿಗೋ ವಿಷ ಬದಲಾಗಿತ್ತು. ಅದೂ ಸಮುದಾಯದ ಒಂದು ಲಕ್ಷಣವೇ, ಆದರೆ ಬೇರೆ ಪ್ರಶ್ನೆಗೆ ಉತ್ತರ.

ಆಸ್ಪತ್ರೆ ಓಪಿಡಿ ರಿಜಿಸ್ಟರಿನದೂ ಇದೇ ತೊಂದರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರ್ತಾರೆ. ಎಲ್ಲಿಂದ ಬಸ್ ಇದೆಯೋ ಅಲ್ಲಿನವರ ಹೆಸರು ರಿಜಿಸ್ಟರಲ್ಲಿ ಹೆಚ್ಚು. ಬಸ್ಸಿಲ್ಲದ ಊರು ಆರೋಗ್ಯವಾಗಿದೆ ಅಂತ ಕಾಣುತ್ತೆ.

ಇನ್ನು ಯೋಜನೆಯ ತಪ್ಪುಗಳು. ಆಶಾ ಕಾರ್ಯಕರ್ತೆ ಅದೇ ಊರಿನ ಸೊಸೆ. ಅವರೆದುರು ಗಂಡ ಹೊಡೀತಾನೆ, ಸಾಯೋಣ ಅನ್ಸುತ್ತೆ ಅಂತ ಯಾರು ಬಾಯಿಬಿಡ್ತಾರೆ? ಮನೆ ತೋರಿಸೋದು, ಪರಿಚಯ ಮಾಡಿಸೋದು ಅವರಿರಲಿ. ಪ್ರಶ್ನೆ ಕೇಳೋರು ಬೇರೆ ತಾಲ್ಲೂಕಿನವರಾಗಲಿ, ಹೆಂಗಸರನ್ನು ಹೆಂಗಸರೇ ಕೇಳಲಿ. ಬಯಲುಸೀಮೆಯಲ್ಲಿ ಜಗಲಿ ಮೇಲೆ ಕೂತು ಕೇಳಿದರೆ ಪಕ್ಕದ ಮನೆ ಅಜ್ಜಿ ಬಂದು ಕೂತೇ ಕೂರ್ತಾರೆ, ಅಂಕ ಇಳಿಯುತ್ತೆ. ಮಲೆನಾಡಿನ ಒಂಟಿ ಮನೆಯಲ್ಲಿ ಆ ಕಾಟ ಇಲ್ಲ. ಅಂದರೆ ಗುಟ್ಟು ಸಿಗೋ ಅನುಕೂಲದಿಂದಲೇ ಮಲೆನಾಡಿನ ಅಂಕ ಹೆಚ್ಚು ಬರಬಹುದು! ಪ್ರತಿ ಸಂದರ್ಶನದ ಕೊನೆಗೆ "ಬೇರೆ ಯಾರಾದರೂ ಕೇಳಿಸಿಕೊಳ್ತಿದ್ರಾ" ಅನ್ನೋ ಒಂದು ಚೌಕ ಇಡಿ. ಆಮೇಲೆ ಲೆಕ್ಕದಲ್ಲಿ ಅದನ್ನು ಸರಿದೂಗಿಸಬಹುದು.

ಮತದಾರರ ಪಟ್ಟಿ ಕಾಫಿ ಸೀಮೆಗೆ ಆಗಲ್ಲ. ಅಸ್ಸಾಂ ಕಡೆಯಿಂದ ಬಂದು ಲೈನಲ್ಲಿರೋರ ಹೆಸರು ಇಲ್ಲಿನ ಪಟ್ಟಿಯಲ್ಲಿ ಇರಲ್ಲ. ಬೆಂಗಳೂರಲ್ಲಿರೋ ಮಗನ ಹೆಸರು ಇರುತ್ತೆ. ಮನೆ ಪಟ್ಟಿ ಹೊಸದಾಗಿ ಮಾಡಿ, ಕಳೆದ 30 ರಾತ್ರಿಯಲ್ಲಿ ಹೆಚ್ಚಿನವನ್ನು ಅಲ್ಲೇ ಕಳೆದವರನ್ನೆಲ್ಲ ಸೇರಿಸಿ. ಹಿಂದಿ, ಬಂಗಾಳಿ, ಅಸ್ಸಾಮಿ ಪ್ರಶ್ನಾವಳಿಗಳನ್ನೂ ಮುಂಚೆಯೇ ಹೊಂದಿಸಿಕೊಳ್ಳಿ. ಮೇಸ್ತ್ರಿಯನ್ನು ದುಭಾಷಿ ಮಾಡಿಕೊಂಡರೆ ಮುಗೀತು, ಎಲ್ಲರೂ ಚೆನ್ನಾಗಿದ್ದಾರೆ ಅಂತ ಬರುತ್ತೆ. ಮನೆಯೊಳಗೆ ಯಾರನ್ನು ಕೇಳಬೇಕು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿ. ಬಾಗಿಲಲ್ಲಿ ಸಿಕ್ಕವರನ್ನು ಕೇಳಿದರೆ ಹಗಲು ಹೊತ್ತು ಸಿಗೋರು ವಯಸ್ಸಾದವರು, ಮನೆವಾರ್ತೆ ಹೆಂಗಸರು. ಸಂಜೆ ಐದೂವರೆ ಮೇಲೆ ಮತ್ತು ವಾರದ ರಜೆ ದಿನ ಇನ್ನೆರಡು ಸಲ ಹೋಗಲೇಬೇಕು. ಸಕಲೇಶಪುರ, ಆಲೂರಿನ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತೆ, ಅಲ್ಲಿ ರಜೆ ದಿನವನ್ನೇ ನಂಬಿಕೊಳ್ಳಿ.

ಡಿಸೆಂಬರ್ ಬೇಡ. ಪಿಎಚ್‌ಕ್ಯೂ-9 ಕೇಳೋದು ಕಳೆದ ಎರಡು ವಾರದ್ದು ಮಾತ್ರ. ಅರೇಬಿಕಾ ಕೊಯ್ಲಿನ ಮಧ್ಯೆ ನಿದ್ದೆ, ಸುಸ್ತು, ಹಸಿವು ಕೇಳೋ ಮೂರು, ನಾಲ್ಕು, ಐದನೇ ಪ್ರಶ್ನೆಗಳಿಗೆ ಮೈ ದಣಿವೇ ಮೂರೋ ನಾಲ್ಕೋ ಅಂಕ ತಂದುಕೊಡಬಹುದು. ಏಪ್ರಿಲ್‌ಗೆ ಹೋದರೆ ಹೊರಗಿನ ಕೂಲಿಯವರು ಊರಿಗೆ ಹೊರಟಿರ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಕರೆಂಟ್ ಇಲ್ಲ, ದಾರಿ ಇಲ್ಲ. ಯಾವ ತಿಂಗಳೂ ಸರಿಯಲ್ಲ, ಹಾಗಾಗಿ ಎರಡೂ ಸೀಮೆಯ ಊರುಗಳನ್ನು ಚೀಟಿ ಎತ್ತಿ ಅರ್ಧರ್ಧ ಮಾಡಿ, ಒಂದರ್ಧ ಜನವರಿಯಲ್ಲಿ, ಇನ್ನೊಂದರ್ಧ ಏಪ್ರಿಲ್-ಮೇನಲ್ಲಿ ಮುಗಿಸಿ. ಮಲೆನಾಡು ಜನವರಿ, ಬಯಲು ಏಪ್ರಿಲ್ ಅಂತ ಮಾತ್ರ ಮಾಡಬೇಡಿ. ಆಮೇಲೆ ಸೀಮೆ ಯಾವುದು ಕಾಲ ಯಾವುದು ಅಂತ ಯಾರಿಂದಲೂ ಬಿಡಿಸೋಕಾಗಲ್ಲ.

ಪ್ರಶ್ನಾವಳಿಯಲ್ಲಿ 10 ಅಂಕದ ಗೆರೆ ದಾಟಿದವರೆಲ್ಲ ರೋಗಿಗಳು ಅಂತ ಬರೀಬೇಡಿ. ಪ್ರಶ್ನಾವಳಿ ನಿಜಕ್ಕೂ ಕಾಯಿಲೆ ಇರೋ 100ರಲ್ಲಿ 80 ಜನರನ್ನು ಹಿಡಿಯುತ್ತೆ, ಇಲ್ಲದ 100ರಲ್ಲಿ 90 ಜನರನ್ನು ಸರಿಯಾಗಿ ಬಿಡುತ್ತೆ ಅಂತಿಟ್ಟುಕೊಳ್ಳಿ. 1,000 ಜನರಲ್ಲಿ ನಿಜಕ್ಕೂ 50 ಜನಕ್ಕಿದ್ದರೆ ಸಿಗೋದು 40, ಅದರ ಜೊತೆ ಇಲ್ಲದವರು 95. ವರದಿಯಲ್ಲಿ 13.5% ಅಂತ ಬರುತ್ತೆ, ನಿಜ ಇರೋದು 5%. ಗೆರೆ ದಾಟಿದವರೆಲ್ಲರನ್ನೂ, ದಾಟದವರಲ್ಲಿ ಹತ್ತಕ್ಕೊಬ್ಬರನ್ನೂ ತರಬೇತಾದವರು ಒಂದು ವಾರದೊಳಗೆ ಮತ್ತೆ ಕೂಲಂಕಷವಾಗಿ ಸಂದರ್ಶಿಸಬೇಕು.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆಗೆ (ಸಾಯೋ ಯೋಚನೆಯದು) ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡ್ತಾ ಕೂರಬೇಡಿ. ಯೋಚನೆ ಎಷ್ಟು ದಿನದಿಂದ, ಹೇಗೆ ಅಂತ ಮನಸ್ಸಲ್ಲಿದೆಯಾ, ಮನೆಯಲ್ಲಿ ಕೀಟನಾಶಕದ ಡಬ್ಬ ಇದೆಯಾ ಅಂತ ನೇರವಾಗಿ, ಮೆತ್ತಗೆ ಕೇಳಬೇಕು. ಕೇಳಿದ್ದರಿಂದ ಯೋಚನೆ ಹುಟ್ಟಲ್ಲ. ಅಪಾಯ ಕಂಡರೆ ಒಬ್ಬರನ್ನೇ ಬಿಡದೆ, ಅವರಿಗೆ ಒಪ್ಪಿಗೆಯಾದ ಮನೆಯವರನ್ನು ಜೊತೆ ಮಾಡಿ, ಡಬ್ಬ ಮನೆಯಿಂದ ಆಚೆ ಸಾಗಿಸಿ, ಅವತ್ತೇ ಆಸ್ಪತ್ರೆಗೆ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಈ ಏರ್ಪಾಡಿಲ್ಲದೆ ಸಮೀಕ್ಷೆಗೆ ಇಳಿಯೋದು ಸರಿಯಲ್ಲ.

ಹೇಮಾವತಿ_ದಂಡೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 80 ಊರು, ಎರಡು ಕಾಲ, ಮನೆ ಪಟ್ಟಿ ಹೊಸದು ಅಂತ ಬದಲಿಸ್ತೀವಿ. ಇನ್ನೊಂದು ಅನುಮಾನ. ಬಸ್ಸು ಕಡಿಮೆ ಇರೋ ಊರಲ್ಲಿ ಖಿನ್ನತೆ ಹೆಚ್ಚು ಬಂತು ಅಂದರೆ, ಬಸ್ಸಿಲ್ಲದಿದ್ದರೆ ಖಿನ್ನತೆ ಬರುತ್ತೆ ಅಂತ ಬರೆದರೆ ನಗೆಪಾಟಲಾಗಲ್ವಾ? ಇದಕ್ಕೆ ಹೋಲಿಸೋಕೆ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜಿಲ್ಲೆಯ ಅಂಕಿ ಸಿಗುತ್ತಾ?

ದಶಮಾಂಶ_ಬಿಂದು ಉತ್ತರ:

ಸಿಗಲ್ಲ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳದ್ದು, ಅದರಲ್ಲಿ ಕರ್ನಾಟಕವೇ ಇಲ್ಲ. ವಯಸ್ಕರಲ್ಲಿ ಆ ಹೊತ್ತಿಗೆ ಯಾವುದಾದರೂ ಮಾನಸಿಕ ಕಾಯಿಲೆ ಇದ್ದವರು 10.6% ಅಂತ ಬಂತು. ಮಹಾನಗರಗಳಲ್ಲಿ ಹೆಚ್ಚಿತ್ತು. ಅವರದು ರೋಗನಿರ್ಣಯದ ಸಂದರ್ಶನ, ನಿಮ್ಮದು ಜರಡಿ ಹಿಡಿಯೋ ಪ್ರಶ್ನಾವಳಿ, ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಮ್ಮದು ಸುಮ್ಮನೆ ದೊಡ್ಡದಾಗಿ ಕಾಣುತ್ತೆ.

ಬಸ್ಸಿನ ಪ್ರಶ್ನೆ ನಗೆಪಾಟಲಲ್ಲ, ಇಡೀ ವಿಷಯದ ಗಂಟು ಅಲ್ಲೇ ಇದೆ. ಒಂದು ಸಲದ ಸಮೀಕ್ಷೆಯಲ್ಲಿ ನೀವು ಎಣಿಸೋದು ಇವತ್ತು ಕಾಯಿಲೆ ಇರೋರನ್ನು. ಅದು ಎರಡರ ಗುಣಲಬ್ಧ: ವರ್ಷಕ್ಕೆ ಎಷ್ಟು ಜನಕ್ಕೆ ಹೊಸದಾಗಿ ಬರುತ್ತೆ, ಬಂದದ್ದು ಎಷ್ಟು ಕಾಲ ಉಳಿಯುತ್ತೆ. ವರ್ಷಕ್ಕೆ 100ಕ್ಕೆ 5 ಜನಕ್ಕೆ ಬಂದು ಆರು ತಿಂಗಳಿದ್ದರೆ ಯಾವ ದಿನ ನೋಡಿದರೂ 2.5%. ಅದೇ 5 ಜನಕ್ಕೆ ಒಂದು ವರ್ಷ ಉಳಿದರೆ 5%. ಕಾಯಿಲೆ ಬರೋದು ಎರಡೂ ಊರಲ್ಲಿ ಒಂದೇ, ಆದರೆ ಪ್ರಮಾಣ ದುಪ್ಪಟ್ಟು. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಗುಣ ಕಂಡ ಮೇಲೂ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮುಂದುವರಿಸಬೇಕು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗೋಕೆ ಒಂದು ದಿನದ ಕೂಲಿ, ಜೀಪಿನ ಬಾಡಿಗೆ ಎರಡೂ ಹೋಗೋ ಕಡೆ ಎರಡನೇ ಚೀಟಿಗೇ ಮಾತ್ರೆ ನಿಲ್ಲುತ್ತೆ. ಬಸ್ಸಿಲ್ಲದ್ದು ಕಾಯಿಲೆ ಹುಟ್ಟಿಸದೇ ಇರಬಹುದು, ಉಳಿಸೋದಂತೂ ಉಂಟು.

ಹಾಗಾಗಿ ಗೆರೆ ದಾಟಿದವರಿಗೆ ಮೂರು ಪ್ರಶ್ನೆ ಸೇರಿಸಿ: ಈ ಸಲದ್ದು ಯಾವಾಗ ಶುರುವಾಯ್ತು (ಯುಗಾದಿಗೆ ಮುಂಚೆಯಾ, ಗೌರಿ ಹಬ್ಬಕ್ಕೆ ಮುಂಚೆಯಾ ಅಂತ ಕೇಳಿದರೆ ತಿಂಗಳು ಕೇಳೋದಕ್ಕಿಂತ ನಿಖರ), ಎಲ್ಲಾದರೂ ತೋರಿಸಿದ್ರಾ, ಎಷ್ಟು ವಾರ ಮಾತ್ರೆ ತಗೊಂಡ್ರಿ. ಬಸ್ಸು ಕಡಿಮೆ ಇರೋ ಊರಲ್ಲಿ ಹಳೇ ಕಾಯಿಲೆ ಹೆಚ್ಚು, ಹೊಸದು ಅಷ್ಟೇ ಅಂತ ಬಂದರೆ ದಾರಿ ಚಿಕಿತ್ಸೆಯ ಕಡೆ ತೋರಿಸುತ್ತೆ. ಹೊಸದೇ ಹೆಚ್ಚಿದ್ದರೆ ಸಾಲ, ಹಿಂಸೆ, ಕುಡಿತದ ಕಡೆ ನೋಡಬೇಕು. ಪಂಚಾಯ್ತಿಗೆ ಈ ಎರಡೂ ಒಂದೇ ಕೆಲಸ ಅಲ್ಲ.

ಮೊದಲು ಮತ್ತು ಆಮೇಲೆ ಅಂತ ಹೋಲಿಸೋ ಆಸೆ ಬಂದರೆ ಹುಷಾರು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳು 2020ರ ಫೆಬ್ರವರಿಯಲ್ಲಿ ನಿಂತವು, ಹೇಳಿ ಮಾಡಿಸಿದ ಸಂದರ್ಭ ಅನ್ಸುತ್ತೆ. ಆದರೆ ಮರುತಿಂಗಳೇ ಲಾಕ್‌ಡೌನ್, ಯಾವುದರ ಪರಿಣಾಮ ಯಾವುದು ಅಂತ ಗೊತ್ತಾಗಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಾಗಿನದು ಬೇರೆ ತೊಡಕು. ಕೆಲಸ ಹೋದವರಲ್ಲಿ ಹೊರಡೋ ಶಕ್ತಿ ಇದ್ದವರು ಹೊರಟರು. ಅಂಥ ಜಾಗದಲ್ಲಿ ಉಳಿದವರನ್ನಷ್ಟೇ ಅಳೆದರೆ ಊರು ಜನರನ್ನು ಕುಗ್ಗಿಸಿತಾ, ಕುಗ್ಗಿದವರು ಊರಲ್ಲೇ ಉಳಿದರಾ ಅಂತ ಹೇಳೋಕಾಗಲ್ಲ. ನಿಮ್ಮ ಮಲೆನಾಡಿನ ಒಂಟಿ ಮನೆಗಳಿಗೂ ಇದೇ ಮಾತು. ಪ್ರತಿ ಮನೆಯಲ್ಲೂ ಕಳೆದ ಐದು ವರ್ಷದಲ್ಲಿ ಊರು ಬಿಟ್ಟವರ ವಯಸ್ಸು, ಲಿಂಗ ಬರ್ಕೊಳ್ಳಿ.

ಮಂಗಳವಾರದ_ಓಪಿಡಿ ಉತ್ತರ:

ಹಳೇ ಕಾಯಿಲೆಯೇ ಹೆಚ್ಚು ಅಂತ ಬಂದರೆ ಮಾಡೋದಕ್ಕೆ ದಾರಿ ಇದೆ. ಗೋವಾದಲ್ಲಿ ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿಸಿದ ಪ್ರಯೋಗದಲ್ಲಿ ಒಳ್ಳೇ ಗುಣ ಕಂಡಿತ್ತು, 2017ರಲ್ಲಿ ಪ್ರಕಟವಾಯ್ತು. ಇಲ್ಲಿ ಆ ಕೆಲಸಕ್ಕೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೇ ಹತ್ತಿರದವರು. ಮೊದಲ ಚೀಟಿ ಮನೋವೈದ್ಯರದು, ಮುಂದಿನ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗೋ ಹಾಗಾದರೆ ಅರ್ಧ ಬಸ್ಸಿನ ತೊಂದರೆ ತೀರುತ್ತೆ. ಎಡವೋದು ಮಾತ್ರೆಯ ದಾಸ್ತಾನಿನಲ್ಲಿ. ಒಂದು ತಿಂಗಳು ಇಲ್ಲ ಅಂತ ಕಳಿಸಿದರೆ ಆ ಮನುಷ್ಯ ಮತ್ತೆ ಬರಲ್ಲ.

ರೋಬಸ್ಟಾ_ಬೇಲಿ:

ಒಪ್ಪಿದೆ. ಎಸ್ಟೇಟ್ ಒಳಗೆ ಹೋಗೋಕೆ ರೈಟರ್ (ಎಸ್ಟೇಟಿನ ಗುಮಾಸ್ತ) ಕಡೆಯಿಂದ ಅಲ್ಲ, ಮಾಲೀಕರಿಂದಲೇ ಲಿಖಿತ ಒಪ್ಪಿಗೆ ತಗೊಳ್ಳಿ. ಫಲಿತಾಂಶ ಅವರಿಗೆ ಹೆಸರು ಸಮೇತ ಕೊಡಲ್ಲ ಅಂತಲೂ ಅದೇ ಕಾಗದದಲ್ಲಿ ಇರಲಿ. ಇಲ್ಲಾಂದ್ರೆ ಮುಂದಿನ ಕೊಯ್ಲಿಗೆ ಯಾರನ್ನು ಕರೀಬಾರದು ಅನ್ನೋ ಪಟ್ಟಿ ಆಗುತ್ತೆ ಅದು.

ದಶಮಾಂಶ_ಬಿಂದು ಉತ್ತರ:

ಒಳ್ಳೇ ಮಾತು. ಗ್ರಾಮಸಭೆಗೂ ಇದೇ ನಿಯಮ ಹಾಕಿಕೊಳ್ಳಿ. ಊರಿನ ಹೆಸರಿಟ್ಟು ಶೇಕಡಾ ಓದಬೇಡಿ. 20 ಜನರಲ್ಲಿ 3 ಜನ ಸಿಕ್ಕರೆ 15% ಅಂತೀರಿ, ಆದರೆ 95% ಭರವಸೆಯ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಮಿತಿ, 3%ರಿಂದ 38%ರವರೆಗೆ ಇರುತ್ತೆ. 10 ಜನಕ್ಕಿಳಿಸಿದರೆ ಇನ್ನೂ ಅಗಲ. ಅಷ್ಟು ಅಗಲದ ಅಂಕಿ ಹಿಡಿದು ಒಂದು ಊರಿಗೆ "ತಲೆ ಸರಿಯಿಲ್ಲದವರ ಊರು" ಅಂತ ಹೆಸರು ಬಿದ್ದರೆ ಅಲ್ಲಿಗೆ ಹೆಣ್ಣು ಕೊಡೋದೂ ನಿಲ್ಲುತ್ತೆ, ತರೋದೂ ನಿಲ್ಲುತ್ತೆ. ಲೈನ್ ಮನೆ, ಕಾಲೋನಿ, ಒಂಟಿ ಮನೆ, ಬಯಲಿನ ಒತ್ತು ಊರು ಅಂತ ನಾಲ್ಕು ಬಗೆ ಮಾಡಿ, ಬಗೆವಾರು ಮಾತ್ರ ಹೇಳಿ. ಒಂದೊಂದು ಬಗೆಗೆ 15 ಗುಂಪಿಗಿಂತ ಕಡಿಮೆ ಇದ್ದರೆ ಅದನ್ನೂ ಹೇಳಬೇಡಿ.